ಸೋಲಾರ್ ಗಾಡಿ ಮತ್ತು ಮೂರು ತಾಲೂಕಿನ ಬಿಸಿಲು

ಗಾಡಿಯ ತಲೆ ಮೇಲೆ ಸೋಲಾರ್ ಪ್ಲೇಟು ಹೊತ್ತುಕೊಂಡು ಊರೂರು ತಿರುಗುವವನಿಗೆ ನಗೆ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಏಣಿ ಹತ್ತಿ ಬರುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಒಂದು ದವಾಖಾನೆ ವ್ಯಾನಿನ ಎಲೆಕ್ಟ್ರಿಶಿಯನ್. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ವಾರಗಟ್ಟಲೆ ಠಿಕಾಣಿ. ಲಸಿಕೆಯ ಫ್ರಿಜ್ ತಣ್ಣಗಿಡುವುದು ನನ್ನ ಜವಾಬ್ದಾರಿ.

ಸೆಕೆ ಯಾರ ಪಾಲು?

ಗಾಡಿ ಕಟ್ಟಿಸುವಾಗ ಫ್ರಿಜ್ ಎಷ್ಟು ಕರೆಂಟು ತಿನ್ನುತ್ತದೆ, ಫ್ಯಾನು, ಟ್ಯೂಬು ಎಷ್ಟು ಹೊತ್ತು ಬೇಕು, ಮೋಡ ಮುಚ್ಚಿದರೆ ಬ್ಯಾಟರಿ ಎಷ್ಟು ದಿನ ತಡೆಯಬೇಕು ಎಂದೆಲ್ಲ ಕೂಡಿಸಿ, ನಾಲ್ಕು ಪ್ಲೇಟು ಬೇಕೆಂದೆ. ಮಂಜೂರು ಮಾಡಬೇಕಾದ ಸಾಹೇಬರು ನಕ್ಕರು.

"ಒಂದು ಸಾಕು. ನಮ್ಮ ಕಡಿ ಬ್ಯಾಸಗಿ ನೋಡಿಲ್ಲೇನು? ಮಾಳಗಿ ಮ್ಯಾಲ ಕಾಲಿಡಾಕ ಆಗಂಗಿಲ್ಲ!"

"ಪ್ಲೇಟಿಗೆ ಬೇಕಾದ್ದು ಬೆಳಕ್ರಿ ಸಾಹೇಬ್ರ, ಸೆಕಿ ಅಲ್ಲ."

"ಮತ್ತ ಸೆಕಿ ಯಾರಿಗೆ?"

"ಅದು ಒಳಗ ಕುಂತ ಸ್ಟಾಫಿಗ್ರಿ."

ನಾಲ್ಕಕ್ಕೂ ಸಹಿ ಬಿತ್ತು.

ಕಾವಲಿನ ಅಜ್ಜಿ

ಹಿರೋಳ್ಳಿಯಲ್ಲಿ ನಡುಮಧ್ಯಾಹ್ನ ಸೂರ್ಯ ಉರಿಯುತ್ತಿದ್ದಾನೆ, ಮೀಟರಿನ ಮುಳ್ಳು ಮಾತ್ರ ಮಲಗಿದೆ. ಏಣಿ ಹತ್ತಿ ನೋಡಿದರೆ ಪ್ಲೇಟಿನ ತುಂಬ ಸಂಡಿಗೆ! ಸೊಸೆ ಮೇಲೆ ಕೂತು ಇಡುತ್ತಿದ್ದಾಳೆ, ಅವಳ ಮುದಿ ಅತ್ತೆ ಕೆಳಗಿಂದ ಹುಕುಂ ಕೊಡುತ್ತಿದ್ದಾಳೆ.

"ಅಜ್ಜಿ, ಇದರ ಮ್ಯಾಲ ಬಿಸಲು ಬೀಳಬೇಕ್ರಿ!"

"ಬಿಸಲು ಛಲೋ ಬೀಳ್ತದಂತೇ ಇಲ್ಲಿ ಹಾಕೀವಪ್ಪಾ."

ಪ್ಲೇಟಿನ ಮೇಲೆ ನೆರಳು ಬಿದ್ದರೆ ಕೂಸುಗಳ ಔಷಧ ಕೆಡುತ್ತದೆ ಎಂದು ತಿಳಿಸಿ ಹೇಳಿದೆ. ಅಜ್ಜಿ ಗಾಬರಿಯಾಗಿ ಸಂಡಿಗೆ ತೆಗೆಸಿದಳು. ಅಷ್ಟೇ ಅಲ್ಲ, ಬಡಿಗೆ ಹಿಡಿದು ತಾನೇ ಕಾವಲಿಗೆ ಕೂತಳು. ಮರುದಿನ ಧೂಳು ಒರೆಸಲು ನಾನು ಮೇಲೆ ಹತ್ತಿದೆನೋ ಇಲ್ಲವೋ, ಕೆಳಗಿಂದ ಗುಡುಗು: "ಇಳಿಯಲೇ ಕೆಳಗ! ನಿನ್ನ ನೆಳ್ಳು ಬೀಳ್ಲಾಕತ್ತದ!"

ಮೊದಲ ಪೇಶಂಟು

ಜೇವರ್ಗಿ ಕಡೆ ಹೋದಾಗೆಲ್ಲ ಡ್ರೈವರ್ ಗಾಡಿಯನ್ನು ಬೇವಿನ ಮರದ ಕೆಳಗೇ ನಿಲ್ಲಿಸುತ್ತಿದ್ದ. "ಬಿಸಲಾಗ ಗಾಡಿ ಕಾಯ್ತದ್ರಿ" ಎಂದು ಅವನು, "ನೆಳ್ಳಾಗ ಔಷಧ ಕಾಯ್ತದ" ಎಂದು ನಾನು. ಕಡೆಗೆ ನಮ್ಮ ಗಾಡಿಯ ಲೇಡಿ ಡಾಕ್ಟರು, ಊರವರ ಬಾಯಲ್ಲಿ ಡಾಕ್ಟರ ಬಾಯಿಯವರು, ತೀರ್ಪು ಕೊಟ್ಟರು: "ಗಾಡಿ ಬಿಸಲಾಗ, ಡ್ರೈವರ್ ನೆಳ್ಳಾಗ."

ಅಂದಿನಿಂದ ಅವನು ಮರದಡಿ ಕಾಲು ಚಾಚಿ ಮಲಗತೊಡಗಿದ. ಬಂದವರೆಲ್ಲ ಮೊದಲು ಕೇಳುತ್ತಿದ್ದರು: "ಪಾಪ, ಇವ್ರಿಗೇನಾಗ್ಯಾದ್ರಿ?"

ಅತನೂರಿನ ಮ್ಯಾಚು

ಕ್ರಿಕೆಟ್ ಫೈನಲ್ಲಿನ ದಿನವೇ ಅತನೂರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಊರ ಗೌಡರು ಬ್ಯಾಟರಿ ಮೇಲೆ ನಡೆಯುವ ಸಣ್ಣ ಟೀವಿ ಹೊರಿಸಿಕೊಂಡು ಬಂದು, ಗಾಡಿಯ ಬ್ಯಾಟರಿಗೆ ಹಚ್ಚಿಕೊಡಿ ಎಂದರು. ಟೀವಿ ನನ್ನ ಲೆಕ್ಕದಲ್ಲೇ ಇರಲಿಲ್ಲ, ಮರುದಿನದ ಲಸಿಕೆಯೆಲ್ಲ ಫ್ರಿಜ್ಜಿನಲ್ಲಿತ್ತು. ಮತ್ತೆ ಕೂಡಿಸಿ ಕಳೆದೆ. ಫ್ಯಾನು, ಟ್ಯೂಬು ಬಂದ್ ಮಾಡಿದರೆ ಟೀವಿ ನಡೆಯುತ್ತದೆ.

"ಮುಳ್ಳು ಕೆಂಪಿಗೆ ಬಂತಂದ್ರ ಟೀವಿ ಬಂದ್ ನೋಡ್ರಿ," ಎಂದು ಡಾಕ್ಟರ ಬಾಯಿಯವರು ಷರತ್ತು ಹಾಕಿದರು.

ಮ್ಯಾಚು ಕೊನೆಯ ಓವರುಗಳಿಗೆ ಬಂತು. ಅಷ್ಟರಲ್ಲಿ ಚಾವಡಿಯ ನೆರಳು ಗಾಡಿಯ ಮೇಲೆ ಹತ್ತಿತು, ಮುಳ್ಳು ಇಳಿಯತೊಡಗಿತು. ಟ್ಯಾಂಕು ಖಾಲಿ, ಡೀಸೆಲ್ ತರಲು ಡ್ರೈವರ್ ಅಫಜಲಪುರಕ್ಕೆ ಹೋಗಿದ್ದಾನೆ. ನಾನು ಸ್ವಿಚ್ಚಿಗೆ ಕೈ ಹಾಕಿದೆ.

"ತಡೀರಿ!" ಎಂದು ಗೌಡರು ಧೋತರ ಎತ್ತಿ ಕಟ್ಟಿದರು. "ಬಿಸಲು ಇಲ್ಲಿಗಿ ಬರಲಿಲ್ಲಂದ್ರ ಗಾಡೀನೇ ಬಿಸಲಿಗಿ ಒಯ್ಯಮು!"

ಡಾಕ್ಟರ ಬಾಯಿಯವರು ಸ್ಟೇರಿಂಗ್ ಹಿಡಿದರು, ಊರೆಲ್ಲ ಹಿಂದಿನಿಂದ ನೂಕಿತು. ನೂಕುವವರಿಗೆ ಟೀವಿ ಕಾಣದು. "ಏನಾತಲೇ?" ಎಂದು ಅವರು, "ಔಟ್!" ಎಂದು ಒಳಗಿನವರು. ಎದುರಾಳಿಗಳ ಒಂದೊಂದು ವಿಕೆಟ್ಟಿಗೂ ಗಾಡಿ ಮುಂದಕ್ಕೆ ಜಿಗಿಯುತ್ತಿತ್ತು. ಬಯಲಿನ ಬಿಸಿಲಿಗೆ ಬಂದದ್ದೇ ತಡ, ಮುಳ್ಳು ಮೇಲೆದ್ದಿತು. ನಮ್ಮವರು ಗೆದ್ದರು! ಫ್ರಿಜ್ಜು ತೆರೆದು ನೋಡಿದೆ, ಲಸಿಕೆ ತಣ್ಣಗಿತ್ತು. ನನಗೆ ಎರಡೆರಡು ಕಪ್ ಗೆದ್ದಷ್ಟು ಖುಷಿ.

ಟೀವಿಯಲ್ಲಿ ಕ್ಯಾಪ್ಟನ್ ಕಪ್ ಎತ್ತಿ ತೋರಿಸುತ್ತಿದ್ದ. ಗೌಡರು ಬೆವರೊರೆಸಿಕೊಳ್ಳುತ್ತ ಬಂದು ಇಣುಕಿ ನೋಡಿ ಗದರಿದರು:

"ಇದೆಂಥಾ ನ್ಯಾಯರೀ? ನೂಕಿದವ್ರು ನಾವು, ಕಪ್ ಇಂವಗ ಕೊಟ್ಟಾರಲ್ಲ!"