ದೇವಿದಾಸನ ಬಿಳಿ ತಗಡು

ಠಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಠಣ್.

ಮಧ್ಯಾಹ್ನ ಒಂದು ಗಂಟೆ. ದುಬಲಗುಂಡಿಯ ದೇವಿದಾಸನ ಮನೆಯ ತಗಡು ಬಿಸಿಲಿಗೆ ಹಿಗ್ಗಿ, ಮೊಳೆಗಳನ್ನೆಲ್ಲ ಎಳೆದಾಡಿ, ಒಳಗಿದ್ದವರ ನೆತ್ತಿಯ ಮೇಲೆ ಗಂಟೆ ಬಾರಿಸುತ್ತಿತ್ತು. ಆ ಗಂಟೆಯ ಕೆಳಗೆ, ಒದ್ದೆ ಟವೆಲ್ಲು ಹೊದ್ದು ಕೂತ ದೇವಿದಾಸ ಮಹಾರಾಜರ ಗತ್ತಿನಲ್ಲಿ ಒಂದು ಘೋಷಣೆ ಮಾಡಿದ.

"ದ್ರೌಪತಿ, ಕೇಳು. ಎಂಟು ದಿನದಾಗ ಈ ಮನೀನ ತಂಪ ಮಹಾಬಳೇಶ್ವರ ಮಾಡ್ತೀನಿ."

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಮೊದಲ ಆ ಟವೆಲ್ ಹೊರಗ ಹಿಂಡಿ ಬರ್ರಿ. ಹಿಟ್ಟಿನ್ಯಾಗ ನೀರ ಬೀಳಾಕತ್ತಾವ."

ಘೋಷಣೆಯ ಹಿಂದೆ ಒಂದು ಸಂಕಟವಿತ್ತು. ಅವರ ಒಬ್ಬಳೇ ಮಗಳು ಮನೀಷಾ ಕೊಹಿನೂರ ಎಂಬ ಊರಿನ ಸೊಸೆ. ಈಗ ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಅವಳ ಅತ್ತೆ ರತ್ನಮಾಲಾ ಏಪ್ರಿಲ್ ಮೊದಲ ವಾರದಲ್ಲಿ ಬಂದವಳು ಈ ತಗಡಿನ ಕೆಳಗೆ ಹತ್ತು ನಿಮಿಷ ಕೂತು, ಎದ್ದು, ತೀರ್ಪು ಕೊಟ್ಟು ಹೋಗಿದ್ದಳು: "ಬೀಗ್ರ, ನಿಮ್ಮದು ಮನಿ ಅಲ್ಲ, ರೊಟ್ಟಿ ಹಂಚು. ಬಾಣಂತನ ಕೊಹಿನೂರದಾಗೇ ಆಗ್ಲಿ." ಅಂದಿನಿಂದ ದ್ರೌಪತಿ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. ಮಗಳು ಫೋನು ಮಾಡಿ, "ಅಪ್ಪಾ, ನಾ ಯಾವಾಗ ಬರ್ಲಿ?" ಅಂದಾಗಲೆಲ್ಲ ದೇವಿದಾಸ, ಹಲೋ, ಹಲೋ, ಕೇಳಿಸವಲ್ದು ಅನ್ನುತ್ತ ಚೆನ್ನಾಗಿ ಕೇಳಿಸುತ್ತಿದ್ದ ಫೋನನ್ನು ಇಟ್ಟುಬಿಡುತ್ತಿದ್ದ.

ಉಪಾಯ ಸಿಕ್ಕಿದ್ದು ಹುಮನಾಬಾದದ ಬೇಳೆ ಮಿಲ್ಲಿನಲ್ಲಿ. ಅವನು ಅಲ್ಲಿ ಚೀಲ ಹೊಲಿಯುವವನು. ವರ್ಷದಿಂದ ವರ್ಷಕ್ಕೆ ಏರುವ ಬಿಸಿಲಿಗೆ ಹೆದರಿ ಮಾಲೀಕರು ಈ ಬೇಸಿಗೆ ಎರಡು ಕೆಲಸ ಮಾಡಿದ್ದರು. ಪಾಳಿಯನ್ನು ಬೆಳಗಿನ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ ಇಟ್ಟಿದ್ದರು, ಗೋದಾಮಿನ ತಗಡಿಗೆ ಬಿಳಿ ಸುಣ್ಣ ಬಳಿಸಿದ್ದರು. ಅಂದಿನಿಂದ ತೊಗರಿ ಬೇಳೆ ತಣ್ಣಗೆ ನಿದ್ದೆ ಹೊಡೆಯುತ್ತಿತ್ತು. ಬೇಳೆಗೆ ಆಗುವ ಭಾಗ್ಯ ನನ್ನ ಮಗಳಿಗೆ ಯಾಕಾಗಬಾರದು ಎಂದು ದೇವಿದಾಸನಿಗೆ ಅನಿಸಿತು.

"ತಗಡಿಗಿ ಸುಣ್ಣ ಬಳದ್ರ ಒಳಗ ತಂಪ ಹ್ಯಾಂಗ ಆಗ್ತದ್ರಿ?" ದ್ರೌಪತಿ ಕೇಳಿದಳು.

"ಬಿಸಲು ಬರ್ತದ. ಬಿಳೀದು ನೋಡ್ತದ. ಹೊಳ್ಳಿ ಹೋಗ್ತದ."

"ಯಾಕ, ಬಿಸಲಿಗಿ ಬಿಳೀದು ಅಂದ್ರ ಹೆದರಿಕೇನು?"

"ಹೆದರಿಕಿ ಅಲ್ಲ. ಅದರ ಸ್ವಭಾವ."

"ಹೊಳ್ಳಿ ಎಲ್ಲಿಗಿ ಹೋಗ್ತದ? ಬಾಜೂ ಸಿದ್ದಪ್ಪಣ್ಣನ ಮನಿಗೇನು?"

ಬಿಸಿಲಿನ ಮುಂದಿನ ವಿಳಾಸದ ಬಗ್ಗೆ ದೇವಿದಾಸ ಯೋಚಿಸಿರಲಿಲ್ಲ. "ಮ್ಯಾಲ ಹೋಗ್ತದ," ಅಂದ. ಅನುಮಾನ ಮಾತ್ರ ಅವನೊಳಗೇ ಉಳಿಯಿತು.

ಮರುದಿನ ಪಾಳಿ ಮುಗಿಸಿ ಶಂಶುದ್ದೀನನ ಅಂಗಡಿಗೆ ಹೋಗಿ ಮೂರು ಚೀಲ ಸುಣ್ಣ, ಜೊತೆಗೆ ಅಂಟು ಕೇಳಿದ. ಶಂಶುದ್ದೀನ ಕಣ್ಣರಳಿಸಿದ. "ಮೂರು ಚೀಲಾ? ಶಾದಿ ಯಾರದ್ದು ದೇವಿದಾಸಣ್ಣಾ?"

ಆ ಕಡೆ ಮನೆಗೆ ಸುಣ್ಣ ಕಂಡರೆ ಒಂದೋ ಹಬ್ಬ, ಇಲ್ಲವೇ ಲಗ್ನ. ಹತ್ತಿರದಲ್ಲಿ ಹಬ್ಬವಿರಲಿಲ್ಲ.

"ಶಾದಿ ಇಲ್ಲ. ಬಿಸಲಿಗಿ," ಅಂದ ದೇವಿದಾಸ.

"ಹಾಂ ಹಾಂ, ಬಿಸಲಿಗಿ," ಅಂದ ಶಂಶುದ್ದೀನ, ಗುಟ್ಟನ್ನು ಜೇಬಿಗೆ ಹಾಕಿಕೊಂಡವನಂತೆ ನಕ್ಕು.

ಎರಡು ದಿನ ಬೆಳಗಿನ ಪಾಳಿ ತಪ್ಪಿಸಿ, ಏಣಿ ಹತ್ತಿ, ತಗಡಿಗೆ ಎರಡು ಸಲ ಬಳಿದ. ಮೀಸೆಗೂ ಒಂದು ಸಲ ಬಿತ್ತು. ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ತಗಡಿನ ಠಣ್ ಸದ್ದಿಲ್ಲ. ದ್ರೌಪತಿ ನೆಲದ ಮೇಲೆ ಅಂಗೈ ಇಟ್ಟು ನೋಡಿದಳು. ಅವಳ ಮುಖದಲ್ಲಿ, ಸಂಜೆ ಹೊಲದ ಬದುವಿನ ಮೇಲೆ ಬೀಸುವಂಥ ಒಂದು ಸಣ್ಣ ಗಾಳಿ ಸುಳಿದು ಹೋಯಿತು.

"ಖರೇನೇ ತಂಪಾಗೇದ್ರಿ," ಅಂದಳು.

ದೇವಿದಾಸ ಅಲ್ಲಿಗೆ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅವನು ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ, "ಯಾರಿಗರ ಮಹಾಬಳೇಶ್ವರ ನೋಡೋದಿದ್ರ ಬರ್ರಿ," ಅಂದ.

ಮೊದಲು ಬಂದವನು ಪಕ್ಕದ ಮನೆಯ ಸಿದ್ದಪ್ಪ. ಅವನು ಬಂದಿದ್ದು ಜಗಳಕ್ಕೆ.

"ದೇವಿದಾಸಾ, ನಿನ್ನ ತಗಡಿನಿಂದ ಹೊಳ್ಳಿದ ಬಿಸಲು ಸೀದಾ ನಮ್ಮ ಗ್ವಾಡಿಗಿ ಬೀಳಾಕತ್ತದ. ನಿನ್ನೆಯಿಂದ ನಮ್ಮ ಮನಿ ಭಟ್ಟಿ ಆಗೇದ."

"ಅದು ಮ್ಯಾಲ ಹೋಗ್ತದಣ್ಣಾ."

"ನೀ ನೋಡೀ ಏನು?"

ನೋಡಿರಲಿಲ್ಲ. ಸಿದ್ದಪ್ಪ ಹೆಚ್ಚು ವಾದ ಬೆಳೆಸದೆ, ಪರಿಹಾರ ಎಂಬಂತೆ, ಬಗಲಲ್ಲಿದ್ದ ಚಾಪೆಯನ್ನು ಒಳಗೆ ಹಾಸಿ ಮಲಗಿಯೇಬಿಟ್ಟ. ಮರುದಿನ ಹೆಂಡತಿ ಮಕ್ಕಳನ್ನೂ ಕರೆತಂದ. ಬಿಸಿಲು ಅವರ ಮೇಲೂ ಬಿದ್ದಿತ್ತಂತೆ.

ಅಷ್ಟರಲ್ಲಿ ಶಂಶುದ್ದೀನನ ಜೇಬಿನ ಗುಟ್ಟು ಊರಿಂದೂರಿಗೆ ನಡೆದಿತ್ತು. ದೂರದ ಸಂಬಂಧದ ಕಪಿಲ ಮಾಣಿಕನಗರದಿಂದ ಆಟೋ ಹತ್ತಿ ಬಂದ. "ಜೈಭೀಮ್ ಕಾಕಾ. ತಾರೀಖು ಯಾವುದು?"

"ಯಾತರ ತಾರೀಖು?"

"ಲಗ್ನದ್ದು."

"ಯಾರ ಲಗ್ನೋ?"

"ಅದೇ ತಿಳೀವಲ್ದು. ಇದ್ದ ಒಬ್ಬಾಕಿ ಮಗಳದ್ದು ಆಗಿಹೋಗೇದ. ಮನ್ಯಾಗ ಉಳದಾಂವ ಗಂಡಸು ನೀನೊಬ್ಬನೇ." ಕಪಿಲ ದನಿ ತಗ್ಗಿಸಿದ. "ಕಾಕೀಗಿ ಗೊತ್ತದೇನು?"

ದೇವಿದಾಸ ಬಿಸಿಲಿನ ಸ್ವಭಾವ ವಿವರಿಸಿದ. ಕಪಿಲ ತಲೆಯಾಡಿಸಿ, ಗೋಡೆಗೊರಗಿ, ವಿವರಣೆ ಮುಗಿಯುವ ಮೊದಲೇ ಗೊರಕೆ ಹೊಡೆದ. ಹೀಗೆ ಲಗ್ನ ವಿಚಾರಿಸಲು ಬಂದವರೆಲ್ಲ ಲಗ್ನ ಮರೆತು ಮಲಗತೊಡಗಿದರು. ಬಿಸಿಲಲ್ಲಿ ಬಂದವರಿಗೆ ಹೋಗಿರಿ ಅನ್ನುವ ಬಾಯಿ ಆ ಮನೆಯಲ್ಲಿರಲಿಲ್ಲ. ಎದ್ದವರಿಗೆಲ್ಲ ಛಾ. ಛಾಕ್ಕೆ ಒಲೆ. ಒಲೆ ಅದೇ ಒಂದಂಕಣದ ಮನೆಯೊಳಗೆ. ಸುಣ್ಣ ಹೊರಗಿಟ್ಟ ಬಿಸಿಲನ್ನೆಲ್ಲ ದ್ರೌಪತಿಯ ಒಲೆ ಒಳಗೇ ಹುಟ್ಟಿಸುತ್ತಿತ್ತು. ಹದಿನಾಲ್ಕು ಜನರ ಉಸಿರು ಬೇರೆ. ದೇವಿದಾಸ ಹೊಸ್ತಿಲ ಮೇಲೆ ಅರ್ಧ ಒಳಗೆ, ಅರ್ಧ ಹೊರಗೆ ಕೂತು, ಯಾವ ಅರ್ಧಕ್ಕೆ ಹೆಚ್ಚು ಸೆಕೆಯಾಗುತ್ತಿದೆ ಎಂದು ತಿಳಿಯದೆ ಗಲಿಬಿಲಿಗೊಂಡ.

ಸುದ್ದಿ ಕೊಹಿನೂರಕ್ಕೂ ತಲುಪಿತು. ಫೋನಿನಲ್ಲಿ ರತ್ನಮಾಲಾ ಎರಡೇ ಮಾತು ಅಂದಳು. "ನಾಳೆ ಮನೀಷಾನ ಕರಕೊಂಡು ಬರ್ತೀನಿ. ಕಣ್ಣಾರೆ ನೋಡಬೇಕು."

ಏನನ್ನು ನೋಡಬೇಕು ಎಂದು ಕೇಳುವ ಧೈರ್ಯ ದೇವಿದಾಸನಿಗಾಗಲಿಲ್ಲ. "ತಂಪು ನೋಡಾಕ ಬರ್ತಾರ," ಅಂದ ಹೆಂಡತಿಗೆ. ಮಗಳು ತವರಿನಲ್ಲಿ ಉಳಿಯುವುದೂ ಬಿಡುವುದೂ ಆ ಒಂದು ಮಧ್ಯಾಹ್ನದಲ್ಲಿತ್ತು. ಮರುದಿನ ಬೆಳಗ್ಗೆಯಿಂದ ಇಬ್ಬರೂ, ಇವತ್ತೊಂದು ದಿನ ಮನೆ ಖಾಲಿ ಮಾಡಿ ಎಂದು ಕೈ ಮುಗಿದು ಬೇಡಿಕೊಂಡರೂ ಸಿದ್ದಪ್ಪ, "ಬೀಗರು ಬಂದಾಗ ಮಂದಿ ಇರ್ಬೇಕು, ಮನಿ ತುಂಬಿದಂಗ ಕಾಣ್ತದ," ಎಂದು ಮಗ್ಗುಲು ಬದಲಿಸಿದ.

ಒಂದು ಗಂಟೆಯ ಬಸ್ಸಿಗೆ ರತ್ನಮಾಲಾ ಬಂದಳು. ಹಿಂದೆ, ಸೊಂಟಕ್ಕೆ ಕೈ ಕೊಟ್ಟುಕೊಂಡು, ಬಾಡಿದ ಮುಖದ ಮನೀಷಾ. ರತ್ನಮಾಲಾ ಮಲಗಿದ್ದವರನ್ನು ಒಬ್ಬೊಬ್ಬರನ್ನಾಗಿ ದಾಟುತ್ತ, ಜೋಳದ ಚೀಲಗಳ ಹಿಂದೆ ಇಣುಕಿದಳು, ಪರದೆ ಸರಿಸಿದಳು.

"ಎಲ್ಲದಾಳ ಆಕಿ?"

"ಯಾರ್ರಿ ಬೀಗ್ತಿ?" ಅಂದ ದೇವಿದಾಸ.

"ಹೊಸಾಕಿ. ಈ ವಯಸ್ಸಿನ್ಯಾಗ ಸುಣ್ಣ ಬಳಿಸಿ ಕರಕೊಂಡು ಬಂದೀರಲ್ಲ, ಆಕಿ."

ಛಾ ಸೋಸುತ್ತಿದ್ದ ದ್ರೌಪತಿ ತಣ್ಣಗೆ ಅಂದಳು: "ಅಕ್ಕಾ, ಹಳೇಕೀಗೇ ಮಗ್ಗಲಾ ಹಾಕಾಕ ಜಾಗ ಇಲ್ಲ ಇಲ್ಲಿ. ಹೊಸಾಕೀನ ಎಲ್ಲಿ ಇಡ್ಲಿ?"

"ಮತ್ತ ಸುಣ್ಣ?"

"ನಿಮ್ಮ ಸೊಸಿಗ್ರೀ. ಎರಡು ದಿನದ ಪಗಾರ ಬಿಟ್ಟು ಏಣಿ ಮ್ಯಾಲ ಇದ್ರು."

ರತ್ನಮಾಲಾ ಇನ್ನೇನೋ ಅನ್ನಲಿಕ್ಕಿದ್ದಳು. ಅಷ್ಟರಲ್ಲಿ ಕಂಡಳು: ಗೋಡೆಯ ಬದಿ, ಎರಡು ಚಾಪೆಗಳ ನಡುವಿನ ಒಂದು ಗೇಣು ಜಾಗದಲ್ಲಿ, ಮನೀಷಾ ಅವ್ವನ ಹಳೆಯ ಸೀರೆ ತಲೆದಿಂಬು ಮಾಡಿಕೊಂಡು ಮಗ್ಗುಲಾಗಿದ್ದಳು. ಆಗಲೇ ನಿದ್ದೆ ಹತ್ತಿತ್ತು. ಹೊಟ್ಟೆ ಮೆಲ್ಲಗೆ ಏರಿ ಇಳಿಯುತ್ತಿತ್ತು.

ರತ್ನಮಾಲಾಳ ದನಿ ಇಳಿಯಿತು. "ಹದಿನೈದು ದಿನ ಆಯ್ತು, ಹಗಲೊತ್ತು ಈಕಿ ಕಣ್ಣು ಮುಚ್ಚಿದ್ದು ನಾ ಕಂಡಿಲ್ಲ."

ಬಾಗಿಲಲ್ಲಿ ನಿಂತ ದೇವಿದಾಸನಿಗೆ, ತಾನು ಹತ್ತಿಳಿದ ಏಣಿಯ ಮೆಟ್ಟಿಲುಗಳೆಲ್ಲ ಎದೆಯೊಳಗೆ ಒಂದೊಂದಾಗಿ ಹೂವಾದಂತಾಯಿತು.

ರತ್ನಮಾಲಾ ಹೊರಳಿದಳು. ಪಿಸುದನಿಯಲ್ಲೇ, ಆದರೆ ಪೊಲೀಸ್ ಪಾಟೀಲರ ಠೀವಿಯಲ್ಲಿ, ಸಿದ್ದಪ್ಪನ ಚಾಪೆಯ ತುದಿ ಹಿಡಿದೆತ್ತಿದಳು. "ಏಳ್ರಿ. ಎಲ್ಲಾರೂ. ಬಸರಿ ಹೆಣ್ಣುಮಗಳು ಮಲಗ್ಯಾಳ." ಐದು ನಿಮಿಷದಲ್ಲಿ ಹದಿನಾಲ್ಕು ಜನ ಓಣಿಗೆ ಬಿದ್ದರು. ದೇವಿದಾಸ ವಾರವಿಡೀ ಮಾಡಲಾಗದ್ದನ್ನು ಆಕೆ ಚಪ್ಪಲಿ ಬಿಡುವಷ್ಟರಲ್ಲಿ ಮಾಡಿದ್ದಳು.

"ಬೀಗ್ರ," ಅಂದಳು, "ನೀವು ಗೆದ್ರಿ. ಬಾಣಂತನ ಇಲ್ಲೇ ಆಗ್ಲಿ."

ದ್ರೌಪತಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ದೇವಿದಾಸ ಮೀಸೆಯ ಮೇಲೆ ಕೈ ಇಟ್ಟ.

ರತ್ನಮಾಲಾ ಜಾಗ ಹಂಚಿದಳು. "ಮನೀಷಾ ನಡುವ. ಈ ಕಡಿ ದ್ರೌಪತಿ. ಆ ಕಡಿ ನಾ."

"ನೀವು?" ಮೀಸೆಯ ಮೇಲಿನ ಕೈ ನಿಂತಿತು. "ಎಷ್ಟ ದಿನ?"

"ಕೊಹಿನೂರದಾಗ ನಮ್ಮ ಮನಿಯೇನು ತಂಪದ ಏನು? ಅದೂ ತಗಡೇ. ಹೆರಿಗಿ ಆಗ್ಲಿ, ತೊಟ್ಲಾಗ್ಲಿ, ಮಳಿ ಹಿಡೀಲಿ. ಆಮ್ಯಾಲ ನೋಡೋಣ."

"ಮತ್ತ ನಾನು?"

"ಹೆಣ್ಣುಮಕ್ಕಳ ನಡುವ ನಿಮ್ಮದೇನು ಕೆಲಸ? ಹೊರಗ ಅಂಗಳದಾಗ ಮಂಚ ಅದಲ್ಲ, ಅಲ್ಲೇ ಮಲಕ್ಕೋರಿ."

ದೇವಿದಾಸ ಹೆಂಡತಿಯ ಕಡೆ ನೋಡಿದ. ದ್ರೌಪತಿ ಆಗಲೇ ಅವನ ದಿಂಬಿನ ಮೇಲೆ ರತ್ನಮಾಲಾಳ ಚೀಲ ಇಟ್ಟಾಗಿತ್ತು. ಅಂಗಳದತ್ತ ನೋಡಿದ. ಅವನ ಮಂಚದ ಮೇಲೆ ಸಿದ್ದಪ್ಪ ಕೂತಿದ್ದ. ಬೇವಿನ ನೆರಳನ್ನು ಕಪಿಲ ಮತ್ತು ಉಳಿದವರು ಹಂಚಿಕೊಂಡಿದ್ದರು.

"ಹೊರಗ ಕುಂತು ಏನ ಮಾಡ್ತೀರಿ," ರತ್ನಮಾಲಾ ಮುಂದುವರಿಸಿದಳು, "ನಮ್ಮ ಮನೀ ತಗಡಿಗೂ ಎರಡು ಸಲ ಬಳದು ಬರ್ರಿ. ಬಾಜೂಕ ನಮ್ಮ ತಮ್ಮನ ಮನಿ ಅದ, ಬಿಟ್ರ ಸಿಟ್ಟಾಗ್ತಾನ. ಎಮ್ಮೀ ಕೊಟ್ಟಿಗಿನೂ ತಗಡಿಂದೇ. ಆಮ್ಯಾಲ ಅಂಗನವಾಡಿ ಟೀಚರ್ ಕೇಳಾಕತ್ತಿದ್ರು, ಅವರಿಗಿ ನಾ ಹೂಂ ಅಂದೀನಿ. ಅಲ್ಲಿಂದ ಬರೋವಾಗ... ಬೀಗ್ರ? ಎಲ್ಲಿ ನಡದ್ರಿ? ನಾ ಇನ್ನಾ ಹೇಳಾಕತ್ತೀನಿ..."

ದೇವಿದಾಸ ಮಗಳಿಗೆ ಎಚ್ಚರವಾಗದಂತೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಉರಿಬಿಸಿಲಿನಲ್ಲಿ, ಯಾವ ಕಡೆ ಎಂದು ತನಗೇ ಗೊತ್ತಿಲ್ಲದೆ, ನಡೆದುಬಿಟ್ಟಿದ್ದ.