ಬೆಳಕು ತೂರದ ಕೋಲು

ನಾಲ್ಕು ಕೋಲು ಇಟ್ಟುಕೊಂಡವನು ಒಂದೇ ಕೋಲಿನಲ್ಲಿ ಆಡಬೇಕು ಎಂದು ಯಾವ ಕಾನೂನಿನಲ್ಲಿ ಬರೆದಿದೆ? ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಕೋಲಿನಿಂದ ಚೆಂಡು ಹೊಡೆದು ಆಡುವ ಪೂಲ್ ಹಾಲಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಮಾತ್ರ ಬರೆದಿತ್ತು. ‘ಫೈನಲ್ ಆಡುವವರು ಒಬ್ಬರಿಗೆ ಒಂದೇ ಕೋಲು. ಬೆಳಿಗ್ಗೆ ಹತ್ತರೊಳಗೆ ತಂದು ತೋರಿಸಿ ಹೆಸರಿನ ಚೀಟಿ ಅಂಟಿಸಿಕೊಳ್ಳತಕ್ಕದ್ದು. ಆಮೇಲೆ ಬದಲಾಯಿಸಕೂಡದು.’

ಒಬ್ಬರಿಗೆ ಅಂತೆ! ಆ ಹಾಲಿನಲ್ಲಿ ಸ್ವಂತ ಕೋಲು ಇದ್ದವನು ರಸಮಟ್ಟ ಒಬ್ಬನೇ. ಉಳಿದವರೆಲ್ಲ ಗೋಡೆಗೆ ನೇತುಹಾಕಿದ ಹಾಲಿನ ಕೋಲುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಆಡುವವರು. ಸೆಮಿಫೈನಲ್‌ನಲ್ಲಿ ರಸಮಟ್ಟ ಒಂದೊಂದು ಹೊಡೆತಕ್ಕೂ ಒಂದು ತಿರುಪಿನ ಕೋಲು ಬಿಚ್ಚಿ, ಇನ್ನೊಂದು ಜೋಡಿಸಿ, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿ, ಮತ್ತೆ ಬಿಚ್ಚಿ, ಹೀಗೆ ಮಾಡುತ್ತಿದ್ದಾಗ ಎದುರಾಳಿ ಮನೆಗೆ ಹೋಗಿ ಊಟ ಮುಗಿಸಿ ಬಂದಿದ್ದನಂತೆ. ಬಂದರೆ ಏನಾಯಿತು? ಊಟ ಮಾಡಬೇಡ ಎಂದು ರಸಮಟ್ಟ ಹೇಳಿದ್ದನೇ? ಅಷ್ಟಕ್ಕೆ ಒಂದು ನಿಯಮ ಮಾಡಿಬಿಡುವುದೇ?

ಅವನ ಕೆಲಸ ಮನೆಗಳಿಗೆ ಟೈಲ್ಸ್ ಹಾಕುವುದು. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ, ಮಟ್ಟ ನೋಡುವ ರಸಮಟ್ಟ ಅವನ ಚೀಲದಲ್ಲಿ ಸದಾ ಇರುತ್ತಿತ್ತು. ಹೋದಲ್ಲೆಲ್ಲ ಅದನ್ನು ಇಟ್ಟು ನೋಡುವ ಚಾಳಿ ಬೇರೆ. ಕ್ಷೌರದಂಗಡಿಯ ಕುರ್ಚಿಯ ಕೈ ಮೇಲೆ ಇಟ್ಟು, "ಎಡಕ್ಕೆ ವಾಲಿದೆ, ಅದಕ್ಕೇ ನನ್ನ ಮೀಸೆ ಹೀಗೆ" ಎಂದು ಜಗಳ ತೆಗೆದವನು. ಹೀಗಾಗಿ ಅಪ್ಪ ಇಟ್ಟ ಹೆಸರು ಮರೆತುಹೋಗಿ ಆ ಹೆಸರೇ ಗಟ್ಟಿಯಾಯಿತು. ತಾನು ಹಾಕಿ ಮುಗಿಸಿದ ನೆಲದ ಮೇಲೆ ಮಾತ್ರ ಅವನು ಅದನ್ನು ಇಟ್ಟು ನೋಡಿದ್ದಿಲ್ಲ. ಹಾಕಿದವನು ತಾನೇ ಅಂದ ಮೇಲೆ ನೋಡುವುದು ಏನಿದೆ?

ಎಂಟನೇ ತರಗತಿಗೆ ಶಾಲೆ ಬಿಟ್ಟ ಅವನಿಗೆ ಈ ಫೈನಲ್ ಬರೀ ಆಟವಾಗಿರಲಿಲ್ಲ. ಹಾಲಿನ ಗೋಡೆಯ ಮೇಲೆ ಒಂದು ಮರದ ಹಲಗೆ ಇತ್ತು. ವರ್ಷಕ್ಕೊಬ್ಬ ಗೆದ್ದವನ ಹೆಸರನ್ನು ಬಂಗಾರದ ಬಣ್ಣದಲ್ಲಿ ಬರೆಸುತ್ತಿದ್ದರು. ರಸಮಟ್ಟನ ಹೆಸರು ಜೀವಮಾನದಲ್ಲಿ ಹಲಗೆ ಹತ್ತಿದ್ದು ಒಂದೇ ಕಡೆ, ತರಗತಿಯ ಕಪ್ಪುಹಲಗೆ. ‘ಗಲಾಟೆ ಮಾಡಿದವರು’ ಎಂಬ ತಲೆಬರಹದ ಕೆಳಗೆ ದಿನಾ ಮೊದಲನೇ ಹೆಸರು ಅವನದೇ. ಹಾಗೆ ಬರೆಯುತ್ತಿದ್ದ ಲೆಕ್ಕದ ಮೇಷ್ಟ್ರು ಈಗ ನಿವೃತ್ತರಾಗಿ ಅವನದೇ ಕಟ್ಟಡದ ಮೇಲಿನ ಮನೆಯಲ್ಲಿದ್ದರು. ಅವರ ಕಣ್ಣೆದುರೇ ತನ್ನ ಹೆಸರು ಬಂಗಾರದ ಬಣ್ಣದಲ್ಲಿ ಹೊಳೆಯಬೇಕು. ಆಸೆ ಅಂದರೆ ಇಷ್ಟೇ.

ಫೈನಲ್ಲಿನ ದಿನ ಬೆಳಿಗ್ಗೆ ಎಂಟಕ್ಕೆ ಮೂರು ಕೋಲುಗಳನ್ನು ನಡುಮನೆಯ ನೆಲದ ಮೇಲೆ ಹರಡಿಕೊಂಡು ಕೂತ. ಮೊದಲನೆಯದು ಕರಿಯ, ತೂಕದ ಕೋಲು. ಎರಡನೆಯದು ಪಟ್ಟೆ, ಹಿಡಿಯ ಮೇಲೆ ಹುಲಿಯ ಹಾಗೆ ಗೆರೆಗಳು. ಮೂರನೆಯದು ಬೆಳ್ಳಿಮೂತಿ, ತುದಿಯ ಹತ್ತಿರ ಬಿಳಿ ಪಟ್ಟಿ. ಮೂವರು ಮಕ್ಕಳಲ್ಲಿ ಒಬ್ಬನನ್ನು ಮಾತ್ರ ಮದುವೆಗೆ ಕರೆದುಕೊಂಡು ಹೋಗು ಅಂದ ಹಾಗಾಗಿತ್ತು ಅವನಿಗೆ.

ಬಾಗಿಲು ತೆರೆದಿದ್ದೇ ತಪ್ಪಾಯಿತು. ಪಕ್ಕದ ಮನೆಯ ಟೈಲರ್ ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಒಳಗೆ ಬಂದ.

"ಕರಿಯನ್ನ ತಗೋ ಮಾರಾಯ. ಯೋಚನೆ ಯಾಕೆ? ಕಪ್ಪು ಯಾವ ಅಂಗಿಗೂ ಒಪ್ಪುತ್ತೆ."

"ನಾನು ಆಡೋಕೆ ಹೋಗ್ತಿರೋದು ಕಣಯ್ಯಾ, ಫೋಟೋ ಹೊಡೆಸ್ಕೊಳ್ಳೋಕಲ್ಲ!"

"ಗೆದ್ರೆ ಫೋಟೋ ಹೊಡೀತಾರಲ್ಲ?"

ಅಷ್ಟರಲ್ಲಿ ಮೇಷ್ಟ್ರು ಮೆಟ್ಟಿಲಿಳಿದು ಬಂದರು. "ಕಳೆದ ಏಳು ಆಟದಲ್ಲಿ ಪಟ್ಟೆಯಿಂದ ನಾಲ್ಕು ಗೆದ್ದಿದೀಯ, ಕರಿಯನಿಂದ ಎರಡು. ಸರಾಸರಿ ತೆಗೆದ್ರೆ ಪಟ್ಟೆ. ಶಾಲೇಲಿ ಕೂತು ಕಲಿತಿದ್ರೆ ನಿನಗೇ ಗೊತ್ತಾಗೋದು."

"ಸೋತಿದ್ದು ಕೋಲಿಂದಾನಾ ನನ್ನಿಂದಾನಾ, ಅದು ನಿಮ್ಮ ಸರಾಸರೀಲಿ ಬರುತ್ತಾ ಮೇಷ್ಟ್ರೇ?" ರಸಮಟ್ಟನ ಕಿವಿ ಕೆಂಪಾಯಿತು.

ಅಮ್ಮ ಬಕೆಟ್ಟು ಹಿಡಿದು ಅಡುಗೆಮನೆಯಿಂದ ಬಂದರು. "ಯಾವುದಾದ್ರೂ ಒಂದು ತಗೊಂಡು ಎದ್ದೇಳೋ. ನೆಲ ಒರೆಸ್ಬೇಕು. ಮೊದಲೇ ಮಧ್ಯೆ ನೀರು ನಿಂತು ಒಣಗೋಕೆ ಮಧ್ಯಾಹ್ನ ಆಗುತ್ತೆ."

"ನೀನು ಬಟ್ಟೆ ಸರಿಯಾಗಿ ಹಿಂಡಲ್ಲ ಅಮ್ಮಾ, ಅದಕ್ಕೆ."

"ಹೂಂ, ನನ್ನ ಕೈದೇ ತಪ್ಪು" ಎಂದು ಅಮ್ಮ ಬಕೆಟ್ಟನ್ನು ಕುಕ್ಕಿದರು.

ಎಲ್ಲರಿಗೂ ಬಾಯಿ ಇದೆ, ಆಡಬೇಕಾದವನು ಮಾತ್ರ ತಾನು! ರಸಮಟ್ಟನಿಗೆ ರೋಷ ಉಕ್ಕಿತು. ಸರಾಸರಿಯಂತೆ, ಅಂಗಿಗೆ ಒಪ್ಪುತ್ತದಂತೆ! ಕೆಲಸ ಬಲ್ಲವನು ಹೀಗೆ ಆರಿಸುತ್ತಾನೆಯೇ? ನೆಲದ ಮೇಲೆ ಉದ್ದನೆಯ ಪಟ್ಟಿ ಇಟ್ಟು, ಕೆನ್ನೆ ನೆಲಕ್ಕೆ ಹಚ್ಚಿ, ಆಚೆಯಿಂದ ಟಾರ್ಚ್ ಬಿಟ್ಟರೆ ಅಡಿಯಿಂದ ಬೆಳಕು ತೂರಬಾರದು. ಅವನ ಗುರು ಹೇಳಿಕೊಟ್ಟ ವಿದ್ಯೆ ಅದು. ಕೋಲಿಗೂ ಅದೇ ಪರೀಕ್ಷೆ ಮಾಡಿದರಾಯಿತು!

ಟೈಲರನ ಕೈಗೆ ಟಾರ್ಚ್ ಕೊಟ್ಟು, ಕರಿಯನನ್ನು ನಡುಮನೆಯ ಮಧ್ಯೆ ಮಲಗಿಸಿ, ತಾನೂ ಪಕ್ಕದಲ್ಲಿ ಮಲಗಿದ. ಕೋಲಿನ ನಡುವಿನ ಅಡಿಯಿಂದ ಬೆಳಕು ಬಾಗಿಲ ಸಂದಿನಿಂದ ಬಂದ ಹಾಗೆ ಬಂತು. ಪಟ್ಟೆಯನ್ನು ಇಟ್ಟ. ಅಷ್ಟೇ ಬೆಳಕು. ಬೆಳ್ಳಿಮೂತಿ ಇಟ್ಟ. ಒಂದು ಇರುವೆ ತಲೆ ಬಗ್ಗಿಸದೆ ಕೋಲಿನ ಅಡಿಯಿಂದ ದಾಟಿಹೋಯಿತು.

ರಸಮಟ್ಟ ಎದ್ದು ಕೂತ. ಸೋತ ಆಟಗಳೆಲ್ಲ ಒಂದೊಂದಾಗಿ ನೆನಪಾದವು. ಒಂದೂ ತನ್ನ ತಪ್ಪಲ್ಲ! "ಮೂರೂ ಸೊಟ್ಟ! ಮೂರೂ ಅಂಗಡಿಯವರು ಸೇರ್ಕೊಂಡು ನನಗೆ ಸೊಟ್ಟ ಕೋಲು ಮಾರಿದಾರೆ! ಆರು ವರ್ಷ ನಾನು ಬಾಳೆದಿಂಡಲ್ಲಿ ಆಡಿದೀನಿ!"

"ಮೂರು ಅಂಗಡಿಯವರೂ ಒಂದೇ ಅಳತೆಗೆ ಸೊಟ್ಟ ಮಾಡಿದಾರಾ?" ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ಕಳ್ಳರು ಕಳ್ಳರು ಮಾತಾಡ್ಕೊಂಡಿರ್ತಾರೆ ಮೇಷ್ಟ್ರೇ!"

ಕರಿಯನನ್ನು ಎತ್ತಿ ಟೈಲರನ ಕೈಗಿಟ್ಟ. "ತಗೋ, ಹೊಲಿದ ಬಟ್ಟೆ ನೇತುಹಾಕ್ಕೋ." ಪಟ್ಟೆಯನ್ನು ಮೇಷ್ಟ್ರಿಗೆ ಕೊಟ್ಟ. "ನಿಮ್ಮ ಸರಾಸರಿ ನೀವೇ ಇಟ್ಕೊಳ್ಳಿ. ಊರುಗೋಲಿಗಾಗುತ್ತೆ." ಬಿಟ್ಟಿ ಬಂದ ಕೋಲನ್ನು ಇಬ್ಬರೂ ಬೇಡ ಅನ್ನಲಿಲ್ಲ.

ಉಳಿದದ್ದು ನಾಲ್ಕನೆಯದು. ಅವನು ಮೊಟ್ಟಮೊದಲು ಕೊಂಡ ಹಳೆಯ ಕೋಲು. ಆರು ವರ್ಷದಿಂದ ಬಾಲ್ಕನಿಯಲ್ಲಿ ಎರಡು ಮೊಳೆಗಳ ಮೇಲೆ ಮಲಗಿ ಅಮ್ಮನ ಒದ್ದೆ ಬೆಡ್‌ಶೀಟುಗಳನ್ನು ಹೊರುತ್ತಿತ್ತು. ಹೋಗಿ ಎಳೆದ. ಎರಡು ಲಂಗ, ಒಂದು ಟವೆಲ್ಲು ಕೆಳಗೆ ಬಿದ್ದವು.

"ಅಯ್ಯೋ, ನನ್ನ ಬಟ್ಟೆ ಕೋಲು!" ಅಮ್ಮ ಕೂಗಿದರು.

ನೆಲದ ಮೇಲಿಟ್ಟು ಕೆನ್ನೆ ಹಚ್ಚಿದ. ಕೋಲು ತೊಟ್ಟಿಲಲ್ಲಿ ಮಗು ಒರಗಿದ ಹಾಗೆ ನೆಲಕ್ಕೆ ಒರಗಿತು. ಕೂದಲೆಳೆಯಷ್ಟು ಬೆಳಕೂ ಇಲ್ಲ! ರಸಮಟ್ಟನ ಕಣ್ಣಲ್ಲಿ ನೀರು ಬಂತು.

"ಎತ್ತಿ ಹಿಡಿದ್ರೆ ಬಾಗಿದ ಹಾಗೆ ಕಾಣುತ್ತಲ್ಲೋ" ಎಂದರು ಮೇಷ್ಟ್ರು.

"ಕಣ್ಣು ಮೋಸ ಮಾಡುತ್ತೆ ಮೇಷ್ಟ್ರೇ. ನೆಲ ಮೋಸ ಮಾಡಲ್ಲ. ನಾನು ಹಾಕಿದ ನೆಲ!"

ತುದಿಗೆ ಹೊಸ ಚರ್ಮದ ಬಿಲ್ಲೆ ಅಂಟಿಸಿ, ಬೆಳ್ಳಿಮೂತಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು, ಹತ್ತಕ್ಕೆ ಐದು ನಿಮಿಷ ಇರುವಾಗ ಹಾಲಿಗೆ ನುಗ್ಗಿದ. ಹಾಲಿನ ಯಜಮಾನ ಮೂವತ್ತು ವರ್ಷ ಬಸ್ಸು ಓಡಿಸಿ ಬಂದವನು. ಎಲ್ಲರೂ ಅವನನ್ನು ಡ್ರೈವರಣ್ಣ ಅನ್ನುತ್ತಿದ್ದರು. ಕೋಲು ನೋಡಿ ಅವನ ಹುಬ್ಬು ಮೇಲೆ ಹೋಯಿತು.

"ಏನಪ್ಪಾ ಇದು, ಕೋಲೋ ಬಿಲ್ಲೋ?"

"ಬೆಳಕು ತೂರದ ಕೋಲು ಅಣ್ಣಾ. ನಿಮಗೆ ಅರ್ಥ ಆಗಲ್ಲ. ಚೀಟಿ ಅಂಟಿಸಿ."

"ಇನ್ನೊಂದ್ಸಲ ಯೋಚನೆ ಮಾಡು. ಟಿಕೆಟ್ ಹರಿದ ಮೇಲೆ ಬಸ್ ಬದಲಾಯಿಸಂಗಿಲ್ಲ."

"ಅಂಟಿಸಿ ಅಂದೆ!"

ಚೀಟಿ ಅಂಟಿತು. ಕಂಕುಳಲ್ಲಿದ್ದ ಬೆಳ್ಳಿಮೂತಿಯನ್ನು ರಸಮಟ್ಟ ಮೇಜಿನ ಮೇಲೆ ಎಸೆದ. "ಇದನ್ನ ನಿಮ್ಮ ಗೋಡೆಗೆ ಹಾಕ್ಕೊಳ್ಳಿ. ಸೊಟ್ಟ ಕೋಲು. ದಾನ!"

ಆಟ ಶುರುವಾಗಿದ್ದು ನಾಲ್ಕಕ್ಕೆ. ನೋಡಲು ಮೇಷ್ಟ್ರೂ ಟೈಲರೂ ಬಂದು ಕೂತಿದ್ದರು. ಎದುರಾಳಿ ಔಷಧಿ ಅಂಗಡಿಯವನು. ಚೀಟಿ ನೋಡಿ ಮಾತ್ರೆ ಎಣಿಸುವ ಮುಖದಲ್ಲೇ ಆಡುವವನು. ಸ್ವಂತ ಕೋಲೂ ಇಲ್ಲ, ನಾಚಿಕೆಯೂ ಇಲ್ಲ. ಅವನೂ ಬೆಳಿಗ್ಗೆ ಹತ್ತಕ್ಕೇ ಬಂದು, ಗೋಡೆಯ ಕಡೆ ಕೈ ಚಾಚಿ, ಸಿಕ್ಕಿದ್ದನ್ನು ಎಳೆದು ಚೀಟಿ ಅಂಟಿಸಿಕೊಂಡು ಹೋಗಿದ್ದನಂತೆ. ಸಿಕ್ಕಿದ್ದು ಬೆಳ್ಳಿಮೂತಿ.

"ಸೊಟ್ಟ ಕೋಲು ಅದು" ಎಂದು ರಸಮಟ್ಟ ಕನಿಕರದಿಂದ ಎಚ್ಚರಿಸಿದ.

"ಪರವಾಗಿಲ್ಲ ಬಿಡಿ, ಅಡ್ಜಸ್ಟ್ ಮಾಡ್ಕೋತೀನಿ" ಎಂದ ಅವನು.

ಐದು ಆಟದಲ್ಲಿ ಮೂರು ಗೆದ್ದವನಿಗೆ ಹಲಗೆ. ಮೊದಲ ಆಟದಲ್ಲಿ ರಸಮಟ್ಟ ಬಲಗಡೆಯ ಪಾಕೆಟ್ಟಿಗೆ ಗುರಿಯಿಟ್ಟು ಹೊಡೆದ. ಬಿಳಿ ಚೆಂಡು ಎಡಗಡೆಗೆ ಹೋಗಿ, ಯಾರನ್ನೂ ಮುಟ್ಟದೆ, ತಾನೇ ತೂತಿನೊಳಗೆ ಇಳಿಯಿತು. ಚಾಕ್ ಹಚ್ಚಿದ. ಕೋಲು ತಿರುಗಿಸಿ ಹಿಡಿದು ಹೊಡೆದ. ಚೆಂಡು ಈಗ ಬಲಕ್ಕೆ ಹಾರಿತು. ಎರಡನೇ ಆಟದಲ್ಲಿ, ಕೊನೆಗೆ ಹಾಕಬೇಕಾದ ಕಪ್ಪು ಚೆಂಡನ್ನು ಮೊಟ್ಟಮೊದಲು ಹಾಕಿ ಆಟವನ್ನೇ ಕಳೆದುಕೊಂಡ. ಮೂರನೆಯದರಲ್ಲಿ ಚೆಂಡು ಮೇಜಿನಿಂದ ಹಾರಿ ಟೈಲರನ ಮಡಿಲಿಗೆ ಬಿತ್ತು. ಅವನು ಅಭ್ಯಾಸಬಲದಿಂದ ಅದಕ್ಕೂ ಟೇಪು ಹಿಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬೆಳ್ಳಿಮೂತಿ ಮಾತ್ರ ದಾರ ಹಿಡಿದು ಎಳೆದ ಹಾಗೆ ಆಡಿತು. ಮೂರು–ಸೊನ್ನೆ. ಔಷಧಿ ಅಂಗಡಿಯವನು ಕೈ ಒರೆಸಿಕೊಂಡು, "ಒಳ್ಳೆ ಕೋಲು ರೀ" ಎಂದ.

ರಸಮಟ್ಟನ ಮೈ ಉರಿದುಹೋಯಿತು. "ಮೋಸ! ಈ ಮೇಜು ಸೊಟ್ಟ ಇದೆ!"

ಡ್ರೈವರಣ್ಣ ನಿಧಾನವಾಗಿ ಎದ್ದ. "ನಿನ್ನ ಚೀಲದಲ್ಲೇ ಇದೆಯಲ್ಲಪ್ಪಾ. ಇಟ್ಟು ನೋಡು."

ರಸಮಟ್ಟ ರಸಮಟ್ಟವನ್ನು ತೆಗೆದು ಮೇಜಿನ ಮೇಲೆ ಇಟ್ಟ. ಗುಳ್ಳೆ ಎರಡು ಗೆರೆಗಳ ಮಧ್ಯೆ ಬಂದು, ಕದಲದೆ ಕೂತಿತು. ಇನ್ನೊಂದು ಕಡೆ ಇಟ್ಟ. ಅಲ್ಲೂ ಕದಲಲಿಲ್ಲ. ನಾಲ್ಕು ಮೂಲೆಗೂ ಇಟ್ಟ. ಗುಳ್ಳೆಗೆ ಎಷ್ಟು ಸೊಕ್ಕು!

"ಈಗ ಕೋಲು ಇಡು" ಎಂದರು ಮೇಷ್ಟ್ರು.

ಇಟ್ಟ. ಉರುಳದಂತೆ ಹಿಡಿದ ಕೋಲಿನ ಎರಡು ತುದಿ ಮೇಜಿಗೆ ಊರಿ, ನಡು ಸೇತುವೆಯ ಹಾಗೆ ಮೇಲೆದ್ದು ನಿಂತಿತು. ಅಡಿಯಿಂದ ಆಚೆ ಬದಿಯ ಜನರ ಅಂಗಿಗುಂಡಿಗಳು ಕಾಣುತ್ತಿದ್ದವು.

"ಮನೇಲಿ ಬೆಳಕೇ ತೂರಲಿಲ್ಲ ಅಂದ್ಯಲ್ಲೋ?" ಮೇಷ್ಟ್ರ ದನಿಯಲ್ಲಿ ಹಳೆಯ ತರಗತಿ ಎದ್ದು ಬಂತು. "ಇಲ್ಲಿ ಇಷ್ಟು ಬಾಗಿರೋ ಕೋಲು ಅಲ್ಲಿ ಯಾಕೆ ಸರಿಯಾಗಿ ಕೂತ್ಕೊಳ್ತು?"

ರಸಮಟ್ಟನ ತಲೆಯೊಳಗೆ ಅಮ್ಮನ ಬಕೆಟ್ಟು ಉರುಳಿತು. ಮಧ್ಯೆ ನೀರು ನಿಲ್ಲುತ್ತೆ. ಮಧ್ಯೆ. ತಗ್ಗು ಇದ್ದದ್ದು ನೆಲದಲ್ಲಿ! ನೆಲ ನೋಡೋಕೆ ಕೋಲು ಇಡಬೇಕಾದವನು ಕೋಲು ನೋಡೋಕೆ ನೆಲ ಇಟ್ಟಿದ್ದ.

ಸುತ್ತ ನೋಡಿದ. ಟೈಲರನ ಮನೆಯ ನೆಲ ಅವನದು. ಮೇಷ್ಟ್ರ ಮನೆಯದೂ ಅವನದು. ಕಟ್ಟಡದ ಐದು ಮನೆಗಳ ನೆಲವೂ ಅವನದೇ ಕೈಕೆಲಸ, ಎಲ್ಲವೂ ಒಂದೇ ರೀತಿ, ಗೋಡೆಯಿಂದ ಶುರುಮಾಡಿ ಮಧ್ಯಕ್ಕೆ ಬಂದು ಮುಗಿಸಿದ್ದು. ಆಟ ಹೋಯಿತು, ಹಲಗೆ ಹೋಯಿತು. ಇನ್ನು ಉಳಿದದ್ದು ಅನ್ನ ಕೊಡುವ ಕೈಯ ಮಾನವೊಂದೇ.

ಅವನು ಎದೆ ಸೆಟೆಸಿ, ಜೀವಮಾನದಲ್ಲಿ ಹೇಳದ ಮಾತು ಹೇಳಿದ. "ನನ್ನದೇ ತಪ್ಪು! ನನಗೆ ಕೋಲು ಆರಿಸೋಕೆ ಬರಲ್ಲ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ನೋಡಿದೆ. ನಾನು ಆಟಗಾರನೇ ಅಲ್ಲ!"

ಜನ ಒಪ್ಪಿಕೊಂಡ ಹಾಗೆ ಕಂಡರು. ಡ್ರೈವರಣ್ಣ ಬೆನ್ನು ತಟ್ಟಿದ. "ಹೋಗ್ಲಿ ಬಿಡಪ್ಪಾ, ಕೈಕಸುಬು ಚೆನ್ನಾಗಿದೆಯಲ್ಲ. ಈ ಹಾಲಿನ ನೆಲ ಕೂಡ ಮುಂದಿನ ತಿಂಗಳು ನಿನಗೇ." ರಸಮಟ್ಟನಿಗೆ ಹೋದ ಉಸಿರು ಬಂತು. ಆ ಗಡಿಬಿಡಿಯಲ್ಲಿ ಮೇಷ್ಟ್ರೂ ಟೈಲರೂ ಯಾವಾಗ ಎದ್ದುಹೋದರೆಂದು ಅವನು ಗಮನಿಸಲಿಲ್ಲ.

ಕತ್ತಲಾಗುವ ಮೊದಲೇ ಬಿಲ್ಲಿನಂಥ ಕೋಲನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದ. ಟೈಲರನ ಬಾಗಿಲು ತೆರೆದಿತ್ತು. ಒಳಗೆ ಟೈಲರನ ಹೆಂಡತಿ ಟಾರ್ಚ್ ಹಿಡಿದಿದ್ದಳು. ಟೈಲರ್ ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಬಾಣದಂತೆ ನೆಟ್ಟಗಿದ್ದ ಕರಿಯನ ಅಡಿಯಲ್ಲಿ ಕಣ್ಣಿಟ್ಟಿದ್ದ.

"ಮಾರಾಯ, ನಮ್ಮ ಮನೇಲೂ ಬೆಳಕು!" ಮಲಗಿಕೊಂಡೇ ಕೂಗಿದ.

ಮೇಲಿನಿಂದ ಯಾರೋ, "ಇಲ್ಲಿ ಬೆರಳೇ ತೂರುತ್ತೆ!" ಎಂದರು. ಪಟ್ಟೆ ಒಂದು ಮನೆಯಿಂದ ಇನ್ನೊಂದು ಮನೆಗೆ ಕೈ ಬದಲಾಗುತ್ತಿತ್ತು. ರಸಮಟ್ಟನ ಬಾಗಿಲಲ್ಲಿ ಅಮ್ಮ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು. "ನಾನು ಆರು ವರ್ಷದಿಂದ ಬಡ್ಕೋತಿದೀನಿ. ಬಟ್ಟೆ ಹಿಂಡಲ್ಲ ಅಂತ ನನಗೇ ಹೇಳ್ತಿದ್ದ." ಮಗನನ್ನು ಕಂಡದ್ದೇ ಅವನ ಹೆಗಲಿನಿಂದ ಕೋಲು ಕಿತ್ತುಕೊಂಡು, ಟವೆಲ್ಲು ಹುಡುಕಲು ಒಳಗೆ ಹೋದರು.

ಮೆಟ್ಟಿಲ ಬುಡದಲ್ಲಿ ನೀರು ಬಿಡುವ ಹೊತ್ತು, ಕಸದವನು ಬರುವ ದಿನ ಬರೆಯಲು ಇಟ್ಟ ಕಟ್ಟಡದ ಕಪ್ಪುಹಲಗೆ ಇತ್ತು. ಮೇಷ್ಟ್ರು ಅದನ್ನು ಪೂರ್ತಿ ಒರೆಸಿ, ಸೀಮೆಸುಣ್ಣ ಹಿಡಿದು ನಿಂತಿದ್ದರು. ‘ನೆಲ ಕಿತ್ತು ಮತ್ತೆ ಹಾಕಿಕೊಡತಕ್ಕವರು’ ಎಂಬ ತಲೆಬರಹ. ಅದರ ಕೆಳಗೆ, ಅಡ್ಡಹೆಸರಲ್ಲ, ಅಪ್ಪ ಇಟ್ಟ ಪೂರ್ತಿ ಹೆಸರು. ಅದರ ಮುಂದೆ ಐದು ಮನೆ ನಂಬರುಗಳು. ಡ್ರೈವರಣ್ಣನ ಹಾಲಿಗೂ ಕೊನೆಯಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದರು, ಪ್ರಶ್ನೆ ಚಿಹ್ನೆ ಹಾಕಿ.

"ಸರಿ ಇದೆಯೇನೋ?" ಮೇಷ್ಟ್ರು ಹಿಂದೆ ಸರಿದು ಕೇಳಿದರು.

ರಸಮಟ್ಟನ ಕೈ ತಾನಾಗಿ ಚೀಲಕ್ಕೆ ಹೋಯಿತು. ತನ್ನ ಹೆಸರಿನ ಕೆಳಗೆ ರಸಮಟ್ಟವನ್ನು ಹಿಡಿದು ನೋಡಿದ. ಗುಳ್ಳೆ ಸರಿಯಾಗಿ ಮಧ್ಯಕ್ಕೆ ಬಂದು ನಿಂತಿತು. ಹಾಳಾದ ಮೇಷ್ಟ್ರು, ಒಂದಕ್ಷರವನ್ನೂ ಸೊಟ್ಟ ಬರೆದಿರಲಿಲ್ಲ.