ತೊಟ್ಲಕೊಂಡದ ಮೇಲೆ ನನ್ನ ಹೆಂಡತಿ

ಹೆದರುವುದಕ್ಕೆ ನನಗೆ ದೊಡ್ಡ ಕಾರಣಗಳೇನೂ ಬೇಕಿಲ್ಲ. ಮ್ಯಾನೇಜರು ನಕ್ಕು ಮಾತಾಡಿಸಿದರೂ ಸಾಕು, ವರ್ಗಾವಣೆ ಬಂತೆಂದೇ ಎದೆ ಹಾರುತ್ತದೆ. ಧಾರವಾಡದಿಂದ ವಿಜಯವಾಡಕ್ಕೆ, ಅಲ್ಲಿಂದ ವಿಶಾಖಪಟ್ಟಣಕ್ಕೆ ಬಂದು ಬಿದ್ದ ಬ್ಯಾಂಕ್ ಅಧಿಕಾರಿ ನಾನು. ಆದರೆ ಬುದ್ಧನಿಗೂ ಹೆದರಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಶುರುವಾದದ್ದು ನನ್ನ ಹೆಂಡತಿ ವಿಮಲಾ ಪಕ್ಕದ ಫ್ಲ್ಯಾಟಿನವರ ಜೊತೆ ತೊಟ್ಲಕೊಂಡಕ್ಕೆ ಧ್ಯಾನ ಕಲಿಯಲು ಹೋದ ಮೇಲೆ. ಊರಾಚೆ, ಸಮುದ್ರದ ಕಡೆ ಮುಖ ಮಾಡಿದ ಗುಡ್ಡ ಅದು. ಮೇಲೆ ಹಳೇ ಬೌದ್ಧ ವಿಹಾರದ ಇಟ್ಟಿಗೆಗಳಿವೆ. ಅಲ್ಲಿಗೆ ಹೋಗತೊಡಗಿದ ಮೇಲೆ ಅವಳು ಜಗಳವಾಡುವುದನ್ನೇ ಬಿಟ್ಟಳು. ಅವಳ ಇಳಕಲ್ ಸೀರೆಯ ಮೇಲೆ ನಾನು ಕಾಫಿ ಚೆಲ್ಲಿದಾಗ, “ಹೋಗ್ಲಿ ಬಿಡ್ರಿ, ಎಲ್ಲಾ ಅನಿತ್ಯ” ಎಂದುಬಿಟ್ಟಳು. ಇಳಕಲ್ ಸೀರೆಯೇ ಅನಿತ್ಯವಾದರೆ ಗಂಡ ಯಾವ ಲೆಕ್ಕ? ಹೆಂಡತಿ ಮಗುವನ್ನು ಬಿಟ್ಟು ಹೊರಟವನ ದಾರಿಯಲ್ಲವೇ ಅದು!

ಬ್ಯಾಂಕಿನಲ್ಲಿ ಸಹೋದ್ಯೋಗಿ, ವಿಜಯವಾಡದ ಅಪ್ಪಾರಾವ್ ಹತ್ತಿರ ತೋಡಿಕೊಂಡೆ. ನಮ್ಮ ಸಹವಾಸದಿಂದ ಅವರಿಗೂ ಅಷ್ಟಿಷ್ಟು ಕನ್ನಡ ಬರುತ್ತದೆ. “ಏಮೀ ಭಯ ಬೇಡ ಸಾರ್. ಬೌದ್ಧಂ ಮತಂ ಕಾದಂಡಿ, ಧರ್ಮವೇ ಅಲ್ಲ, ಬರೀ ಫಿಲಾಸಫಿ” ಎಂದರು. ಫಿಲಾಸಫಿಗಾಗಿ ಯಾರೂ ತಲೆ ಬೋಳಿಸಿಕೊಳ್ಳುವುದಿಲ್ಲವಲ್ಲ ಎಂದು ಸಮಾಧಾನದ ಉಸಿರು ಬಿಟ್ಟೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು: “ನಮ್ಮ ಚಿಕ್ಕಪ್ಪಗಾರೂ ಹಂಗೇ ಅಂತಿದ್ರು ಸಾರ್. ಈಗ ಕಾವಿ ಹಾಕ್ಕೊಂಡು ಗಯೆಯಲ್ಲಿದಾರೆ.”

ಭಾನುವಾರ ಬೆಳಿಗ್ಗೆ ವಿಮಲಾ ಚೀಲದಲ್ಲಿ ಅದೇನೋ ಬಿಳಿ ಬಟ್ಟೆ ಮಡಚಿಟ್ಟುಕೊಂಡು ಹೊರಟಳು. ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಗುಡ್ಡದ ಮೇಲೆ ಆ ಬಟ್ಟೆ ಹಾಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅದು ನಮ್ಮ ಮಂಚದ ಬೆಡ್‌ಶೀಟೇ. ಧ್ಯಾನ ಕಲಿಸುವ ವಯಸ್ಸಾದ ಟೀಚರಮ್ಮನನ್ನು ಏದುಸಿರಿನಲ್ಲೇ ಕೇಳಿದೆ: “ಅಮ್ಮಾ, ಇದಿ ಮತಮಾ, ಫಿಲಾಸಫೀನಾ?”

“ನಿಮಗೆ ಯಾವುದಾದರೆ ಭಯ ಕಡಿಮೆ?” ಎಂದು ಅವರು ತೆಲುಗಿನಲ್ಲಿ ತಿರುಗಿ ಕೇಳಿದರು.

ವಿಮಲಾ ಕಣ್ಣು ತೆರೆದಳು. “ಯಾಕ್ರೀ ಬಂದ್ರಿ?”

“ನೀ ಎಲ್ಲಿ ಸನ್ಯಾಸ ತಗೋತೀಯೋ ಅಂತ...”

ಅವಳು ನಗಲಿಲ್ಲ. “ದಿನಾ ನಿಮ್ಮ ಹೆದರಿಕಿ ನೋಡಿ ನೋಡಿ ನನಗೂ ಎದಿ ಡವಡವ ಅನ್ನಾಕ ಹತ್ತಿತ್ತು. ನಿಮ್ಮ ಜೋಡಿ ಇರಾಕಂತನ ಇದನ್ನ ಕಲಿಯಾಕ ಬಂದೀನ್ರಿ.”

ಟೀಚರಮ್ಮ ನನ್ನನ್ನೂ ಅವಳ ಪಕ್ಕದಲ್ಲಿ ಕೂರಿಸಿ, ಕಣ್ಣು ಮುಚ್ಚಿ ಎಲ್ಲವನ್ನೂ ಬಿಟ್ಟುಬಿಡಿ ಎಂದರು. ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ವಿಮಲಾ ಪಿಸುಗುಟ್ಟಿದಳು: “ನನ್ನ ಸೆರಗೂ ಬಿಡಬೇಕ್ರೀ.”

ಗಾಢ ಧ್ಯಾನದಲ್ಲಿದ್ದವನಿಗೆ ಅದೆಲ್ಲಿ ಕೇಳಿಸಬೇಕು?